ಗೈಡ್ ಇಟ್ಕೊಂಡು ಓದಿದ ಕಾದಂಬರಿ ಯಾರದ್ದು?

ನಮ್ಮಲ್ಲಿ 'ಗೈಡ್ ಓದಿ ಪಾಸಾದವನು' ಅನ್ನೋದು ಒಂದು ಬೈಗುಳ. ತಲೆ ಇಲ್ಲ, ಕಷ್ಟಪಡುವ ಮನಸ್ಸೂ ಇಲ್ಲ, ಹೇಗೋ ದಾಟಿಕೊಂಡ ಅಂತ ಅದರ ಅರ್ಥ. ಪರೀಕ್ಷೆಯ ಮಟ್ಟಿಗೆ ಈ ಬೈಗುಳ ಹಳೇದಾಯ್ತು, ಯಾರೂ ತಲೆ ಕೆಡಿಸಿಕೊಳ್ಳೋಲ್ಲ. ಆದರೆ ಪರೀಕ್ಷೆ, ಮಾರ್ಕ್ಸು ಯಾವುದೂ ಇಲ್ಲದೆ, ಮೂವತ್ತು ದಾಟಿದ ಮೇಲೆ, ನಮ್ಮ ಖುಷಿಗೆ ನಾವು ಒಂದು ಕಷ್ಟದ ಕಾದಂಬರಿ ಕೈಗೆತ್ತಿಕೊಂಡಾಗ ಅದೇ ಮಾತು ಬೇರೆ ವೇಷ ಹಾಕಿಕೊಂಡು ಬರುತ್ತೆ. ಅರ್ಥವಾಗದ ಪುಟ ಬಂತು ಅಂತ ಮೊಬೈಲ್ ತೆಗೆದು ಆ ಅಧ್ಯಾಯದ ಸಾರಾಂಶ ಹುಡುಕಿ ಓದಿದರೆ ಒಳಗೊಂದು ಕಳ್ಳ ಭಾವ. ಇದನ್ನ ನಾನು ಓದಿದೆ ಅನ್ನಬಹುದಾ? ಅರ್ಥ ಆಗಿದ್ದು ನನಗಾ, ಇಲ್ಲ ಇನ್ಯಾರಿಗೋ ಆಗಿದ್ದನ್ನ ನಾನು ಸಾಲ ತಂದೆನಾ?

ಇದು ಬರೀ ಓದುವ ವಿಧಾನದ ಪ್ರಶ್ನೆ ಅಲ್ಲ ಅಂತ ನನಗನ್ಸುತ್ತೆ. ಇನ್ನೊಬ್ಬರ ಸಹಾಯದಿಂದ ತಿಳಿದಿದ್ದು ಯಾವಾಗ ನಮ್ಮದಾಗುತ್ತೆ, ಯಾವಾಗ ಆಗೋದಿಲ್ಲ ಅನ್ನೋ ನೀತಿಯ ಪ್ರಶ್ನೆ.

ಮೊದಲು ಒಂದು ಮಾತು ಹೇಳಿಬಿಡ್ತೀನಿ. "ಗೈಡ್ ಬೇಡ, ನೇರ ಕೃತಿಗೇ ಕೈ ಹಾಕಿ" ಅನ್ನೋ ಉಪದೇಶ ಕೇಳೋಕೆ ಚೆನ್ನಾಗಿರುತ್ತೆ. ಹಾಗೆ ಹೇಳುವವರ ಪೈಕಿ ಬಹಳ ಜನರ ಮನೆಯಲ್ಲಿ ಪುಸ್ತಕದ ಕಪಾಟು ಇತ್ತು, ಊಟದ ಹೊತ್ತಿನಲ್ಲಿ ಪುಸ್ತಕದ ಮಾತಾಡೋ ಅಪ್ಪನೋ ಸೋದರತ್ತೆಯೋ ಇದ್ದರು. ಅವರ ಗೈಡು ಅಚ್ಚಾಗಿರಲಿಲ್ಲ, ಅಷ್ಟೇ ವ್ಯತ್ಯಾಸ. ನಮ್ಮೂರಲ್ಲಿ ಹೆಚ್ಚಿನ ಮನೆಗಳಲ್ಲಿದ್ದ ಪುಸ್ತಕ ಅಂದ್ರೆ ಪಂಚಾಂಗ, ಹಾಲಿನ ಡೈರಿಯ ಲೆಕ್ಕದ ಪುಸ್ತಕ, ಮಕ್ಕಳ ಪಠ್ಯ. ತಾಲ್ಲೂಕಿನ ಬಸ್ ಸ್ಟ್ಯಾಂಡ್ ಪಕ್ಕದ ಅಂಗಡಿಯಲ್ಲಿ ಸಿಗ್ತಿದ್ದ ಗೈಡು ನಮಗೆ ಎರಡನೇ ಮೇಷ್ಟ್ರು. ಕೆಲವು ಸಬ್ಜೆಕ್ಟಿಗೆ ಅದೇ ಮೊದಲನೇ ಮೇಷ್ಟ್ರು. ಹಾಗಾಗಿ ಗೈಡನ್ನ ಹಂಗಿಸುವ ಮಾತು ಬಂದಾಗೆಲ್ಲ ಹಂಗಿಸೋ ಬಾಯಿ ಯಾರದ್ದು ಅಂತ ನೋಡಬೇಕು.

ಇನ್ನೊಂದು, ಒಂಟಿಯಾಗಿ ಕೂತು ಯಾರ ಸಹಾಯವೂ ಇಲ್ಲದೆ ಓದೋದೇ ಶುದ್ಧವಾದ ಓದು ಅನ್ನೋ ಕಲ್ಪನೆ ನಮ್ಮ ನೆಲದಲ್ಲಿ ಅಷ್ಟು ಹಳೆಯದೇನಲ್ಲ. ಕುಮಾರವ್ಯಾಸನ ಭಾರತವನ್ನ ನಮ್ಮ ಹಿಂದಿನವರು ಓದಿದ್ದು ಹೇಗೆ? ಒಬ್ಬರು ಗಮಕಿ ರಾಗವಾಗಿ ವಾಚಿಸೋರು, ಪಕ್ಕದಲ್ಲಿ ಕೂತ ಇನ್ನೊಬ್ಬರು ವ್ಯಾಖ್ಯಾನ ಮಾಡೋರು. ಮಳೆ ಬಾರದಿದ್ದಾಗ ವಿರಾಟಪರ್ವ ಓದಿಸೋ ಪದ್ಧತಿ ಎಷ್ಟೋ ಊರಲ್ಲಿತ್ತು. ಅಲ್ಲಿ ಕೂತು ಕೇಳಿದ ರೈತನಿಗೆ "ನೀನು ವ್ಯಾಖ್ಯಾನ ಕೇಳಿ ತಿಳ್ಕೊಂಡೆ, ಅದು ನಿನ್ನ ತಿಳಿವಳಿಕೆ ಅಲ್ಲ" ಅಂತ ಯಾರೂ ಹೇಳಲಿಲ್ಲ. ಸಂಸ್ಕೃತದಲ್ಲಂತೂ ಕಾಳಿದಾಸನನ್ನು ಓದಲು ಹೊರಟವರು ಶತಮಾನಗಳಿಂದ ಮಲ್ಲಿನಾಥನ ಕೈ ಹಿಡಿದೇ ನಡೆದಿದ್ದಾರೆ. ಅವನ ವ್ಯಾಖ್ಯಾನದ ಹೆಸರು ಸಂಜೀವಿನಿ. ಕೆಟ್ಟ ವ್ಯಾಖ್ಯಾನಗಳ ವಿಷ ಏರಿ ಕಾಳಿದಾಸನ ಮಾತು ಮೂರ್ಛೆ ಹೋಗಿದೆ, ಅದಕ್ಕೆ ಇದು ಮದ್ದು ಅನ್ನೋ ಅರ್ಥದಲ್ಲಿ ಇಟ್ಟ ಹೆಸರು. ಅಂದ್ರೆ ಕೆಟ್ಟ ಗೈಡುಗಳ ಬಗ್ಗೆ ದೂರು ಆಗಲೂ ಇತ್ತು! ಮೂಲದಲ್ಲಿ ಆಧಾರ ಇಲ್ಲದ್ದನ್ನು ಬರೆಯೋಲ್ಲ, ಬೇಡದ್ದನ್ನು ಹೇಳೋಲ್ಲ ಅಂತ ಅವನು ತನಗೆ ತಾನೇ ಹಾಕಿಕೊಂಡ ಕಟ್ಟುಪಾಡು ಇವತ್ತಿನ ಯಾವ ಗೈಡಿಗಾದ್ರೂ ಸಾಕು.

ಆದರೆ ವ್ಯಾಖ್ಯಾನಕ್ಕೂ ಗೈಡಿಗೂ ಒಂದು ವ್ಯತ್ಯಾಸ ಇದೆ. ಜಗಲಿ ಮೇಲೆ ಕೂತ ವ್ಯಾಖ್ಯಾನಕಾರನನ್ನ ನಿಲ್ಲಿಸಿ ಕೇಳಬಹುದು. "ಅಲ್ಲ ಸ್ವಾಮಿ, ಧರ್ಮರಾಯ ಹೆಂಡ್ತೀನ ಒತ್ತೆ ಇಟ್ಟಿದ್ದು ಸರೀನಾ?" ಅಂತ ಜಗಳಕ್ಕೇ ನಿಲ್ಲಬಹುದು. ಅಚ್ಚಾದ ಗೈಡು ಜಗಳ ಆಡೋಲ್ಲ. ಉತ್ತರ ಕೊಟ್ಟು ಸುಮ್ಮನಾಗುತ್ತೆ. ಪಕ್ಕದಲ್ಲಿ 'ಹತ್ತು ಅಂಕ' ಅಂತ ಬೇರೆ ಹಾಕಿರುತ್ತೆ.

ಈ ಉದ್ಯಮ ದೊಡ್ಡದಾಗಿ ಬೆಳೆದಿದ್ದು ಅಮೆರಿಕದಲ್ಲಿ. ನೆಬ್ರಾಸ್ಕಾದ ಕ್ಲಿಫ್ಟನ್ ಹಿಲ್ಗಾಸ್ ಅನ್ನೋರು 1958ರಲ್ಲಿ ಶೇಕ್ಸ್‌ಪಿಯರನ 16 ನಾಟಕಗಳ ಟಿಪ್ಪಣಿಗಳಿಂದ 'ಕ್ಲಿಫ್ಸ್ ನೋಟ್ಸ್' ಶುರು ಮಾಡಿದರು. ಹಳದಿ ಕಪ್ಪು ಪಟ್ಟೆಯ ಆ ಪುಸ್ತಕಗಳು ಅಲ್ಲಿನ ವಿದ್ಯಾರ್ಥಿಗಳಿಗೆ ನಮ್ಮ ಬಸ್ ಸ್ಟ್ಯಾಂಡ್ ಗೈಡ್ ಇದ್ದ ಹಾಗೆ. ಸ್ವಾರಸ್ಯ ಏನಂದ್ರೆ, ಇದು ಮೂಲಕೃತಿಗೆ ಬದಲಿ ಅಲ್ಲ, ಬದಲಿಯಾಗಿ ಬಳಸಿದರೆ ನಷ್ಟ ನಿಮಗೇ ಅನ್ನೋ ಎಚ್ಚರಿಕೆಯನ್ನ ಹಿಲ್ಗಾಸ್ ತಮ್ಮ ಪುಸ್ತಕಗಳಲ್ಲೇ ಅಚ್ಚು ಹಾಕಿಸ್ತಿದ್ದರು. ಮಾರುವವನಿಗೇ ಗೊತ್ತಿತ್ತು. ಆದರೆ ನಷ್ಟ ಆಗೋದು ನಿಜವಾಗಿ ಯಾವುದು? ಅದನ್ನ ಹಿಡಿಯೋಕೆ ಒಂದು ಕಾದಂಬರಿ ಎತ್ತಿಕೊಳ್ಳೋಣ.

ವಿಲಿಯಂ ಫಾಕ್ನರ್‌ನ 'ದಿ ಸೌಂಡ್ ಅಂಡ್ ದಿ ಫ್ಯೂರಿ', 1929ರದ್ದು. ಓದುಗರನ್ನ ಮೊದಲ ಇಪ್ಪತ್ತು ಪುಟದಲ್ಲೇ ಹೊರಗೆ ದಬ್ಬೋದಕ್ಕೆ ಹೆಸರಾದ ಪುಸ್ತಕ. ಅಮೆರಿಕದ ದಕ್ಷಿಣದ ಮಿಸಿಸಿಪ್ಪಿಯಲ್ಲಿ ಕಾಂಪ್ಸನ್ ಅನ್ನೋ ಹಳೇ ಜಮೀನ್ದಾರಿ ಮನೆತನ ಕುಸಿಯೋ ಕತೆ. ಮೊದಲ ಭಾಗವನ್ನ ನಮಗೆ ಹೇಳೋನು ಬೆಂಜಿ. ವಯಸ್ಸು 33, ಬುದ್ಧಿ ಬೆಳೆದಿಲ್ಲ, ಮಾತು ಬರೋಲ್ಲ, ಅಳೋದು ನರಳೋದು ಅಷ್ಟೇ. ಅವನಿಗೆ ನಿನ್ನೆ, ಇವತ್ತು, ಇಪ್ಪತ್ತು ವರ್ಷದ ಹಿಂದೆ ಅನ್ನೋ ಭೇದ ಇಲ್ಲ. ಬೇಲಿಯ ಮೊಳೆಗೆ ಬಟ್ಟೆ ಸಿಕ್ಕಿಕೊಂಡರೆ ಸಾಕು, ಚಿಕ್ಕಂದಿನಲ್ಲಿ ಹಾಗೇ ಸಿಕ್ಕಿಕೊಂಡ ದಿನಕ್ಕೆ ಕತೆ ಹಾರಿಬಿಡುತ್ತೆ. ಹೇಳದೆ ಕೇಳದೆ.

ಮೊದಲ ಪುಟದಲ್ಲಿ ಬೆಂಜಿ ಬೇಲಿಯ ಆಚೆ ಯಾರೋ ಚೆಂಡು ಹೊಡೆಯೋದನ್ನ ನೋಡ್ತಾ ನಿಂತಿದ್ದಾನೆ. ಅವರು "ಕ್ಯಾಡಿ" ಅಂತ ಕೂಗ್ತಾರೆ. ಇವನು ಅಳೋಕೆ ಶುರು ಮಾಡ್ತಾನೆ. ಅಲ್ಲಿನ ಓದುಗನಿಗೆ ಇದು ಗಾಲ್ಫ್ ಆಟ, ಕ್ಯಾಡಿ ಅಂದ್ರೆ ಆಟಗಾರರ ಚೀಲ ಹೊರೋ ಹುಡುಗ ಅಂತ ಯಾರೂ ಹೇಳಬೇಕಾಗಿಲ್ಲ. ನನ್ನಂಥವನಿಗೆ ಹೇಳಬೇಕು. ಹಳ್ಳಿಯಲ್ಲಿ ಬೆಳೆದವನು ಗಾಲ್ಫ್ ಕಂಡಿರೋದು ಎಲ್ಲಿ? ಬೆಂಗಳೂರಿಗೆ ಬಂದ ಮೇಲೂ ನಾನು ಗಾಲ್ಫ್ ಮೈದಾನ ನೋಡಿದ್ದು ಬಸ್ಸಿನ ಕಿಟಕಿಯಿಂದ, ಎತ್ತರದ ಬಲೆಯ ಆಚೆಗೆ. ಇಲ್ಲಿ ನನ್ನನ್ನ ತಡೆದಿದ್ದು ಫಾಕ್ನರ್ ಅಲ್ಲ. ಅವನು ಆ ಸಾಲನ್ನ ಬೀಗ ಹಾಕಿ ಇಟ್ಟಿರಲಿಲ್ಲ. ಅವನ ಅಕ್ಕಪಕ್ಕದವರಿಗೆ ಗೊತ್ತಿದ್ದ ಒಂದು ಸಂಗತಿ ನನಗೆ ಗೊತ್ತಿರಲಿಲ್ಲ, ಅಷ್ಟೇ. ಗೈಡು ನನಗೆ ಅದನ್ನ ಹೇಳಿದರೆ ಮೋಸ ಏನೂ ಆಗಲಿಲ್ಲ. ಗೈಡು ನನ್ನನ್ನ ಒಂದು ನಿಮಿಷ ಆ ಊರಿನವನನ್ನಾಗಿ ಮಾಡಿತು.

ಹಾಗೇ ಈ ಕಾದಂಬರಿಯಲ್ಲಿ ಕ್ವೆಂಟಿನ್ ಅನ್ನೋ ಹೆಸರಿನವರು ಇಬ್ಬರು, ಒಬ್ಬ ಬೆಂಜಿಯ ಅಣ್ಣ, ಇನ್ನೊಬ್ಬಳು ಅಕ್ಕನ ಮಗಳು. ಬೆಂಜಿಗೇ ಮೊದಲು ಸೋದರಮಾವನ ಹೆಸರಾದ ಮೌರಿ ಅಂತ ಇಟ್ಟು ಆಮೇಲೆ ಬದಲಿಸಿದ್ದರು. ಇಂಥದ್ದನ್ನೆಲ್ಲ ಒಂದು ಚೀಟಿಯಲ್ಲಿ ಬರೆದು ಪುಸ್ತಕದೊಳಗೆ ಇಟ್ಟುಕೊಂಡರೆ ತಪ್ಪೇನು? ಫಾಕ್ನರ್‌ಗೇ ಈ ಆಸೆ ಇತ್ತು. ಕಾಲ ಬದಲಾಗೋದನ್ನ ತೋರಿಸೋಕೆ ಬೇರೆ ಬೇರೆ ಬಣ್ಣದ ಇಂಕಿನಲ್ಲಿ ಅಚ್ಚು ಹಾಕಿಸಬೇಕು ಅಂತಿದ್ದ. ಆಗ ಆಗಲಿಲ್ಲ, ಓರೆ ಅಕ್ಷರಗಳಿಗೆ ತೃಪ್ತಿಪಟ್ಟುಕೊಂಡ. 2012ರಲ್ಲಿ ಫೋಲಿಯೋ ಸೊಸೈಟಿ 14 ಬಣ್ಣಗಳಲ್ಲಿ ಆ ಭಾಗವನ್ನ ಅಚ್ಚು ಮಾಡಿತು. ನಾವು ಕೋಡ್ ಬರೆಯೋರಿಗೆ ಇದು ತಕ್ಷಣ ಅರ್ಥವಾಗುತ್ತೆ. ಎಡಿಟರ್‌ನಲ್ಲಿ ಒಂದೊಂದು ಬಗೆಯ ಪದಕ್ಕೆ ಒಂದೊಂದು ಬಣ್ಣ ಬರುತ್ತಲ್ಲ, ಹಾಗೆ. ಕೋಡ್ ಒಂದಕ್ಷರವೂ ಬದಲಾಗಿರೋಲ್ಲ, ಕಣ್ಣಿಗೆ ದಾರಿ ಸಿಕ್ಕಿರುತ್ತೆ.

ಅಷ್ಟೇ ಅಲ್ಲ, ಕಾದಂಬರಿ ಬಂದು ಹದಿನೇಳು ವರ್ಷ ಆದ ಮೇಲೆ, 1946ರಲ್ಲಿ ಮಾಲ್ಕಂ ಕೌಲಿ ಸಂಪಾದಿಸಿದ ಸಂಕಲನಕ್ಕೆ ಅಂತ ಫಾಕ್ನರ್ ಕಾಂಪ್ಸನ್ ಮನೆತನದ ಮೇಲೆ ಒಂದು ಅನುಬಂಧ ಬರೆದುಕೊಟ್ಟ. ಅಂದ್ರೆ ಲೇಖಕನೇ ಬರೆದ ಗೈಡು! ಅದೇ ವರ್ಷ ಬಂದ ಇನ್ನೊಂದು ಆವೃತ್ತಿಯಲ್ಲಿ ಅದನ್ನ ಕಾದಂಬರಿಯ ಮುಂದೆಯೇ ಅಚ್ಚು ಹಾಕಿದರು. ತಮಾಷೆ ಅಂದ್ರೆ ಆ ಗೈಡು ಕಾದಂಬರಿಗೆ ಪೂರ್ತಿ ಹೊಂದೋದಿಲ್ಲ. ಕಾದಂಬರಿಯಲ್ಲಿ ಹುಡುಗಿ ಕ್ವೆಂಟಿನ್ ಕಿಟಕಿಯಿಂದ ಮರ ಹಿಡಿದು ಇಳಿದು ಓಡಿಹೋದರೆ ಅನುಬಂಧದಲ್ಲಿ ಮಳೆನೀರಿನ ಕೊಳವೆ ಹಿಡಿದು ಇಳೀತಾಳೆ. ಕೌಲಿ ಇಂಥ ವ್ಯತ್ಯಾಸಗಳನ್ನ ತೋರಿಸಿದರೂ ಫಾಕ್ನರ್ ಎಲ್ಲವನ್ನೂ ಸರಿಹೊಂದಿಸೋಕೆ ಹೋಗಲಿಲ್ಲ. ಬರೆದವನ ಗೈಡೇ ಹೀಗಿದ್ದ ಮೇಲೆ ಉಳಿದವರ ಗೈಡನ್ನ ಶಾಸ್ತ್ರ ಅಂತ ನಂಬೋದು ಹೇಗೆ?

ಈಗ ಬೇಲಿ ಹತ್ತಿರ ನಿಂತ ಬೆಂಜಿಗೆ ವಾಪಸ್ ಬರೋಣ. "ಕ್ಯಾಡಿ" ಅಂದ ತಕ್ಷಣ ಅವನು ಯಾಕೆ ಅತ್ತ? ಇದಕ್ಕೂ ಗೈಡಿನಲ್ಲಿ ಉತ್ತರ ಇದೆ, ಒಂದೇ ಸಾಲು. ಆ ಸಾಲನ್ನ ನಾನು ಇಲ್ಲಿ ಬರೆಯೋಲ್ಲ. ಇದು ಗಾಲ್ಫ್ ಅಂದ್ರೇನು ಅನ್ನೋ ಥರದ ಸಂಗತಿ ಅಲ್ಲ ಅನ್ನೋದೇ ಕಾರಣ. ಅದು ಓದುಗನಿಗೆ ನಿಧಾನಕ್ಕೆ, ಪುಟಪುಟವಾಗಿ ತಿಳೀಬೇಕು ಅಂತಲೇ ಆ ಭಾಗ ಹಾಗೆ ಕಟ್ಟಿರೋದು.

ಪ್ರತಿ ಊರಲ್ಲೂ ಬೆಂಜಿಯಂಥ ಒಬ್ಬರು ಇರ್ತಾರೆ. ಅವರು ಅತ್ತಾಗ ನಾವು ಅವರ ಮುಖ ನೋಡೋಲ್ಲ, ಜೊತೆಗಿದ್ದವರನ್ನ ಕೇಳ್ತೀವಿ: "ಏನಂತೆ ಇವನಿಗೆ?" ಅವರು ಹೇಳ್ತಾರೆ, ನಾವು ತಲೆಯಾಡಿಸಿ ಮುಂದೆ ಹೋಗ್ತೀವಿ. ಫಾಕ್ನರ್ ಈ ಕಾದಂಬರಿಯಲ್ಲಿ ಆ ದಾರಿಯನ್ನ ಮುಚ್ಚಿದ್ದಾನೆ. ಜೊತೆಗಿದ್ದವರನ್ನ ಕೇಳೋ ಹಾಗಿಲ್ಲ, ಅವನ ತಲೆಯೊಳಗೇ ಕೂತು ನೋಡಬೇಕು. ಒಂದು ನೂರು ಪುಟ ಏನೂ ಸರಿಯಾಗಿ ತಿಳಿಯದೆ, ಆದರೂ ಎದ್ದು ಹೋಗದೆ ಇರಬೇಕು. ಆ ಭಾಗದ ಸಾರಾಂಶ ಮೊದಲೇ ಓದಿಕೊಂಡರೆ ನಾವು ಮತ್ತೆ ಅದೇ "ಏನಂತೆ ಇವನಿಗೆ?" ಕೇಳಿದ ಹಾಗೆ. ಮಾಹಿತಿ ಪೂರ್ತಿ ಸಿಗುತ್ತೆ, ಅವನ ಜೊತೆ ನಿಂತಿದ್ದು ಮಾತ್ರ ಆಗೋದಿಲ್ಲ.

ಜಾರ್ಜ್ ಸ್ಟೈನರ್ ಅನ್ನೋ ವಿಮರ್ಶಕ 1978ರಲ್ಲಿ ಬಂದ 'ಆನ್ ಡಿಫಿಕಲ್ಟಿ' ಪುಸ್ತಕದಲ್ಲಿ ಕಷ್ಟ ಅನ್ನೋದರಲ್ಲೇ ನಾಲ್ಕು ಬಗೆ ಮಾಡ್ತಾನೆ. ಅವನು ಮಾತಾಡೋದು ಮುಖ್ಯವಾಗಿ ಕವಿತೆ ಬಗ್ಗೆ, ಆದರೆ ಎರಡು ಬಗೆ ನಮಗೂ ಸಾಕು. ಒಂದು, ಹುಡುಕಿ ನೋಡಿದರೆ ಬಗೆಹರಿಯೋ ಕಷ್ಟ: ಪದ, ಊರು, ಪದ್ಧತಿ, ಇತಿಹಾಸ. ಇನ್ನೊಂದು, ಬರೆದವನು ಬೇಕು ಅಂತಲೇ ದಾರಿಯಲ್ಲಿ ಇಟ್ಟ ಕಲ್ಲು. ಮೊದಲನೆಯದನ್ನ ಗೈಡು ತೆಗೆಯಬಹುದು, ತೆಗೆಯಲೇಬೇಕು. ಎರಡನೆಯದನ್ನ ತೆಗೆದರೆ ದಾರಿಯೇ ಹೋಯ್ತು.

ಇದೇ ಸಂಗತಿ ಒಂದ್ಸಲ ನನ್ನ ಕಡೆಯಿಂದ ತಿರುಗಿತು. ದೇವನೂರ ಮಹಾದೇವ ಅವರ 'ಕುಸುಮಬಾಲೆ'ಯ ಭಾಷೆ ನಂಜನಗೂಡು ಸೀಮೆಯದ್ದು, ನಮ್ಮ ಕಡೆಯದ್ದು. ಆಫೀಸಿನಲ್ಲಿ ಧಾರವಾಡದ ಕಡೆಯ ಗೆಳೆಯನೊಬ್ಬ ಅದನ್ನ ಓದೋಕೆ ಕೂತು ಎರಡು ದಿನಕ್ಕೆ ನನ್ನ ಡೆಸ್ಕ್ ಹತ್ತಿರ ಬಂದ. "ಇದೇನೋ ಮಾರಾಯ, ಕನ್ನಡಾನೇ ಐತಿ, ಆದ್ರ ನನಗ ತಿಳೀವಲ್ದು" ಅಂದ. ನಮ್ಮಜ್ಜಿ ಬಾಯಲ್ಲಿ ದಿನಾ ಕೇಳಿದ ಮಾತುಗಳು ಅವನಿಗೆ ಗಾಲ್ಫ್! ನಾನೇ ಅವನಿಗೆ ಗೈಡಾದೆ. ಪದಗಳ ಅರ್ಥ ಹೇಳಿದೆ, ಜೋತಮ್ಮ ಅಂದ್ರೆ ಮನೆ ದೀಪದ ಜೀವ ಅಂದೆ. ಅಷ್ಟು ಹೇಳಿದ ಮೇಲೆ ಅವನು ಓದಿದ. ಆದರೆ ರಾತ್ರಿ ಜೋತಮ್ಮಗಳು ಸೇರಿ ಮನೆಮನೆಯ ಸುದ್ದಿ ಆಡಿಕೊಳ್ಳೋದನ್ನ ಓದುವಾಗ ಮೈಗೆ ಏನಾಗುತ್ತೋ ಅದನ್ನ ನಾನು ಹೇಳಲಿಲ್ಲ. ಹೇಳೋಕೆ ಬರೋದೂ ಇಲ್ಲ. ಅವನ ಮೈಗೆ ಆಗಿದ್ದು ಬೇರೆಯೇ ಇರಬಹುದು.

ನಮ್ಮ ಕೆಲಸದಲ್ಲಿ ಕೈಪಿಡಿ ನೋಡೋಕೆ ಯಾರಿಗೂ ನಾಚಿಕೆ ಇಲ್ಲ. ಡಾಕ್ಯುಮೆಂಟೇಶನ್ ಓದದೆ ಕೋಡ್ ಬರೆಯೋಕೆ ಹೊರಟವನನ್ನೇ ನಾವು ಬೈಯ್ಯೋದು. ಯಾಕಂದ್ರೆ ಕೋಡ್ ಓಡಬೇಕು, ಅಷ್ಟೇ ಗುರಿ. ಯಾರ ಸಹಾಯದಿಂದ ಓಡಿತು ಅನ್ನೋದು ಮುಖ್ಯ ಅಲ್ಲ. ಹಾಗಾದ್ರೆ ಕಾದಂಬರಿಗೂ ಅದೇ ನ್ಯಾಯ ಯಾಕಿಲ್ಲ? ನನಗೆ ತೋಚುವ ಉತ್ತರ ಇಷ್ಟು: ಕೋಡ್ ಓಡೋದು ಎಲ್ಲೋ ಇರುವ ಮೆಷಿನ್ನಿನಲ್ಲಿ. ಕಾದಂಬರಿ ಓಡಬೇಕಾಗಿರೋದು ನನ್ನಲ್ಲಿ. ಬೇರೆಯವರಲ್ಲಿ ಓಡಿದ್ದರ ಫಲಿತಾಂಶವನ್ನ ನಾನು ತಂದಿಟ್ಟುಕೊಂಡರೆ, ಫಲಿತಾಂಶ ಸರಿಯಾಗೇ ಇರಬಹುದು, ನನ್ನಲ್ಲಿ ಏನೂ ಓಡಲಿಲ್ಲ.

ಇದು ಅತ್ಯಂತ ಸ್ಪಷ್ಟವಾಗಿ ಕಾಣೋದು ನಮ್ಮ 'ಸಂಸ್ಕಾರ'ದಲ್ಲಿ. ಅನಂತಮೂರ್ತಿಯವರು 1965ರಲ್ಲಿ ಪ್ರಕಟಿಸಿದ ಈ ಕಾದಂಬರಿಯ ಭಾಷೆ ಕಷ್ಟ ಅಲ್ಲ, ಕತೆಯೂ ಗೋಜಲಲ್ಲ. ದೂರ್ವಾಸಪುರ ಅನ್ನೋ ಅಗ್ರಹಾರದಲ್ಲಿ, ಬ್ರಾಹ್ಮಣ್ಯವನ್ನ ಬೇಕಂತಲೇ ಬಿಟ್ಟು ಬದುಕಿದ್ದ ನಾರಣಪ್ಪ ಸತ್ತಿದ್ದಾನೆ. ಅವನ ಶವಸಂಸ್ಕಾರ ಯಾರು ಮಾಡಬೇಕು? ಮಾಡೋವರೆಗೆ ಯಾರೂ ಊಟ ಮಾಡೋ ಹಾಗಿಲ್ಲ. ಉತ್ತರ ಹೇಳಬೇಕಾದವರು ಕಾಶಿಯಲ್ಲಿ ಓದಿ ಬಂದ ಪ್ರಾಣೇಶಾಚಾರ್ಯರು. ಇದಕ್ಕೆ ಪದಕೋಶ ಬೇಡ, ನಕ್ಷೆ ಬೇಡ. ಆದರೂ ಈ ಕಾದಂಬರಿಗೆ ಗೈಡ್ ಬರೆದವರು ಎಷ್ಟು ಜನವೋ! ಅದರಲ್ಲಿ ಏನಿರುತ್ತೆ ಅಂತ ಓದಿದವರಿಗೆಲ್ಲ ಗೊತ್ತು. ಸಂಪ್ರದಾಯ ಮತ್ತು ಆಧುನಿಕತೆಯ ಸಂಘರ್ಷ, ವ್ಯಕ್ತಿಯ ಆಯ್ಕೆಯ ಸ್ವಾತಂತ್ರ್ಯ, ಶವ ಅನ್ನೋದು ಕೊಳೆತ ವ್ಯವಸ್ಥೆಯ ಸಂಕೇತ. ಪಾಯಿಂಟ್ ಮಾಡಿ ಬರೆದರೆ ಹತ್ತಕ್ಕೆ ಎಂಟು ಖಾತ್ರಿ.

ಆದರೆ ಆ ಕಾದಂಬರಿಯಲ್ಲಿ ಪ್ರಾಣೇಶಾಚಾರ್ಯರು ಮಾಡೋದೇನು? ಗ್ರಂಥ ಬಿಚ್ಚಿ ಕೂರ್ತಾರೆ. ಧರ್ಮಶಾಸ್ತ್ರದಲ್ಲಿ ಇದಕ್ಕೆ ಉತ್ತರ ಇದ್ದೇ ಇರಬೇಕು ಅಂತ ಹುಡುಕ್ತಾರೆ. ಸಿಗೋಲ್ಲ. ಮಾರುತಿ ಗುಡಿಗೆ ಹೋಗಿ ಪ್ರಸಾದಕ್ಕೆ ಕಾಯ್ತಾರೆ, ದೇವರೂ ಹೂ ಕೊಡೋಲ್ಲ. ಕೊನೆಗೆ ಆ ಶವ ಸುಡೋದು ಯಾವ ಗ್ರಂಥವನ್ನೂ ಕೇಳದ ಚಂದ್ರಿ, ಒಬ್ಬ ಮುಸ್ಲಿಂ ಪರಿಚಯದವನ ಸಹಾಯ ತಗೊಂಡು, ರಾತ್ರೋರಾತ್ರಿ. ಅಂದ್ರೆ ಗೈಡಿನಲ್ಲಿ ಉತ್ತರ ಹುಡುಕಿ ಸೋತವನೊಬ್ಬನ ಕತೆಯನ್ನ ನಾವು ಗೈಡ್ ನೋಡಿ ತಿಳ್ಕೊತಾ ಇದ್ದೀವಿ! ಕೊನೆಯಲ್ಲಿ ಆಚಾರ್ಯರು ಅಗ್ರಹಾರದ ಕಡೆ ಹೊರಟ ಗಾಡಿ ಹತ್ತುತ್ತಾರೆ, ಅಲ್ಲಿಗೆ ಕಾದಂಬರಿ ನಿಂತುಬಿಡುತ್ತೆ. ಹೋಗಿ ಎಲ್ಲ ಹೇಳಿಬಿಡ್ತಾರಾ, ಬಾಯಿ ಮುಚ್ಚಿಕೊಂಡು ಇರ್ತಾರಾ? ಅನಂತಮೂರ್ತಿ ಹೇಳಲಿಲ್ಲ. ಅಲ್ಲಿ ನಾವು ಹತ್ತು ನಿಮಿಷ ಪುಸ್ತಕ ಮುಚ್ಚಿಕೊಂಡು 'ನಾನಾಗಿದ್ರೆ ಹೇಳ್ತಿದ್ನಾ?' ಅಂತ ಕೂರೋದಿದೆಯಲ್ಲ, ಅದೇ ಆ ಕಾದಂಬರಿ. 'ಅಂತ್ಯವು ಆಯ್ಕೆಯ ಸಂಕೇತ' ಅನ್ನೋ ಗೈಡಿನ ಸಾಲು ಸುಳ್ಳಲ್ಲ. ಅದು ನಮಗೆ ಆ ಹತ್ತು ನಿಮಿಷವನ್ನ ಉಳಿಸಿಕೊಡುತ್ತೆ, ನಷ್ಟ ಆಗೋದೂ ಆ ಹತ್ತು ನಿಮಿಷವೇ.

ನನ್ನ ಮಾತು ಇಷ್ಟು. ಗೊತ್ತಿಲ್ಲದ್ದನ್ನ ಇನ್ನೊಬ್ಬರಿಂದ ತಿಳಿಯಬಹುದು. ತೀರ್ಮಾನ ಆಗದೆ ತೊಳಲಾಡೋದನ್ನ ಇನ್ನೊಬ್ಬರ ಕೈಲಿ ಮಾಡಿಸೋಕೆ ಆಗೋಲ್ಲ. ಮೊದಲನೆಯದಕ್ಕೆ ಗೈಡ್ ತೆಗೆದರೆ ಅದರಲ್ಲಿ ಕಳ್ಳತನ ಇಲ್ಲ. ಎರಡನೆಯದಕ್ಕೂ ಗೈಡ್ ತೆಗೆದರೆ, ಪಾಪ ಅಂತ ನಾನು ಹೇಳೋಲ್ಲ, ಆದರೆ ಅದನ್ನ 'ಓದಿದೆ' ಅಂತ ಕರೆಯೋದು ಸರಿ ಹೋಗೋಲ್ಲ. 'ಕತೆ ಗೊತ್ತು' ಅಂದ್ರೆ ಪ್ರಾಮಾಣಿಕ ಆಗುತ್ತೆ. ಅದರಲ್ಲಿ ಅವಮಾನವೂ ಇಲ್ಲ. ರಾಮಾಯಣದ ಕತೆ ಗೊತ್ತಿರುವ ಎಷ್ಟು ಜನ ರಾಮಾಯಣ ಓದಿದ್ದಾರೆ?

ಇಲ್ಲೊಂದು ಆಕ್ಷೇಪ ಬರುತ್ತೆ. ಹಾಗಾದ್ರೆ ವಿಮರ್ಶೆಯೇ ಬೇಡವಾ? ನಮಗಿಂತ ಚೆನ್ನಾಗಿ ಓದಬಲ್ಲವರು ಕಂಡಿದ್ದನ್ನ ಕೇಳಬಾರದಾ? ಖಂಡಿತ ಕೇಳಬೇಕು. ನಾವೇ ಕಂಡುಕೊಂಡಿದ್ದು ಅನ್ನೋ ಒಂದೇ ಕಾರಣಕ್ಕೆ ನಮ್ಮ ಓದು ಸರಿ ಆಗಿಬಿಡೋಲ್ಲ. ಪ್ರಶ್ನೆ ಇರೋದು ಯಾವಾಗ ಕೇಳಬೇಕು ಅನ್ನೋದರಲ್ಲಿ. ಎ.ಕೆ. ರಾಮಾನುಜನ್ 1976ರಲ್ಲಿ 'ಸಂಸ್ಕಾರ'ವನ್ನ ಇಂಗ್ಲಿಷಿಗೆ ತಂದಾಗ ತಮ್ಮ ವಿವರಣೆಯನ್ನ ಮುನ್ನುಡಿಯಾಗಿ ಬರೆಯಲಿಲ್ಲ, ಹಿನ್ನುಡಿಯಾಗಿ ಇಟ್ಟರು. ಮೊದಲು ನೀವು ಓದಿ, ಆಮೇಲೆ ಮಾತಾಡೋಣ ಅನ್ನೋ ಹಾಗೆ. ನಮ್ಮ ಅಭಿಪ್ರಾಯ ಒಂದು ಇದ್ದಾಗ ವಿಮರ್ಶಕನ ಜೊತೆ ಜಗಳ ಆಡಬಹುದು, ಜಗಲಿ ಮೇಲಿನ ವ್ಯಾಖ್ಯಾನಕಾರನ ಜೊತೆ ಆಡಿದ ಹಾಗೆ. ಏನೂ ಇಲ್ಲದೆ ಹೋದರೆ ಅವನು ಹೇಳಿದ್ದೇ ನಮ್ಮದು ಅಂತ ಭ್ರಮೆ ಹುಟ್ಟುತ್ತೆ, ಅದು ಹುಟ್ಟಿದ್ದು ನಮಗೆ ಗೊತ್ತೂ ಆಗೋಲ್ಲ.

ಈಗಂತೂ ಯಾವ ಪುಸ್ತಕದ ಹೆಸರು ಹಾಕಿ ಕೇಳಿದರೂ ಅರ್ಧ ನಿಮಿಷದಲ್ಲಿ ಸಾರಾಂಶ, ಆಶಯ, ಪಾತ್ರಗಳ ಪಟ್ಟಿ ಎಲ್ಲ ಬರೆದುಕೊಡೋ ಸಾಫ್ಟ್‌ವೇರ್ ಬಂದಿದೆ. ಅದನ್ನ ನಾನು ದಿನಾ ಬಳಸ್ತೀನಿ, ದೂರೋ ಉದ್ದೇಶ ಇಲ್ಲ. ಹಳ್ಳಿಯಲ್ಲಿ ಕೂತ ಒಬ್ಬ ಹುಡುಗಿಗೆ ಇದರಿಂದ ಗಾಲ್ಫ್ ಅಂದ್ರೇನು, ಮಿಸಿಸಿಪ್ಪಿ ಎಲ್ಲಿದೆ ಅಂತ ಗೊತ್ತಾಗಿ ಫಾಕ್ನರ್‌ನ ಬಾಗಿಲು ತೆರೆದರೆ ನನಗೆ ಖುಷಿಯೇ. ಕಪಾಟಿರೋ ಮನೆಯ ಮಕ್ಕಳಿಗೆ ಮಾತ್ರ ಇದ್ದ ಅನುಕೂಲ ಅವಳಿಗೂ ಸಿಕ್ಕಿತು. ಆದರೆ ಕೇಳೋದು ಸುಲಭ ಆದಷ್ಟೂ ಯಾವುದನ್ನ ಕೇಳಬೇಕು, ಯಾವುದನ್ನ ಕೇಳದೆ ಬಿಡಬೇಕು ಅನ್ನೋ ವಿವೇಕ ಓದುವವರ ಹೆಗಲಿಗೇ ಬೀಳುತ್ತೆ. ಅದನ್ನ ಕಲಿಸೋಕೆ ಯಾವ ಗೈಡೂ ಇಲ್ಲ.

ನಾನು ಪಾಲಿಸೋ ನಿಯಮ ಸರಳ. ಕಷ್ಟದ ಪುಟ ಬಂದಾಗ ಒಂದು ಪ್ರಶ್ನೆ ಕೇಳ್ಕೊತೀನಿ: ಇದು ಈ ಲೇಖಕನ ಊರಿನವರಿಗೆ ಗೊತ್ತಿರ್ತಿತ್ತಾ? ಗೊತ್ತಿರ್ತಿತ್ತು ಅನ್ಸಿದರೆ ಸಂಕೋಚ ಇಲ್ಲದೆ ಗೈಡ್ ತೆಗೀತೀನಿ. ಅವರಿಗೂ ಗೊತ್ತಿರ್ತಿರಲಿಲ್ಲ, ಅವರೂ ಇಲ್ಲಿ ನನ್ನ ಹಾಗೇ ತಲೆ ಕೆರ್ಕೊಂಡಿರ್ತಾರೆ ಅನ್ಸಿದರೆ, ಮೊಬೈಲನ್ನ ಆಚೆ ಕೋಣೆಯಲ್ಲಿಟ್ಟು ಬಂದು ಅದೇ ಪುಟವನ್ನ ಇನ್ನೊಂದ್ಸಲ ಓದ್ತೀನಿ.